ಓದುಗರ ಪ್ರಶ್ನೆ: ಒಂದೇ ಹಕ್ಕಿ ಹಾಡು, ಮನೆ ತುಂಬ ಬೇರೆ ಬೇರೆ ಮಾತು

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ನನ್ನ ದೊಡ್ಡಮ್ಮ ಒಂದು ಹಕ್ಕಿ ಹಾಡು ಹಾಡ್ತಾರೆ, ಅವರ ಅಜ್ಜಿಯ ಕಾಲದ್ದಂತೆ. ಕತೆ ಇಷ್ಟೇ, ಗಂಡು ಹೆಣ್ಣು ಎರಡು ಪಾರಿವಾಳ ಗೂಡು ಕಟ್ಟಿ ಮರಿ ಮಾಡ್ತವೆ, ಕಾಳು ಹುಡುಕಿ ವಾಪಸ್ ಬರುವಾಗ ಮರಿಗಳು ಬೇಟೆಗಾರನ ಬಲೆಯೊಳಗೆ, ಅದನ್ನು ನೋಡಿ ತಾಯಿ ತಾನೂ ಬಲೆಗೆ ಇಳೀತದೆ, ಗಂಡು ಹಕ್ಕಿ ಮರದ ಮೇಲೆ ಒಂದೇ ಕೂತು ಕೂಗ್ತದೆ, ಅಲ್ಲಿಗೆ ಹಾಡು ಮುಗೀತು. ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ದೊಡ್ಡಮ್ಮ ಇದನ್ನೇ ಹಾಡಿದ್ರು, ನಾನು ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದೆ, ಅಲ್ಲಿಂದ ಚರ್ಚೆ ಶುರು. ಮಾವ ಇದು ವೇದಾಂತ, ಸಂಸಾರದ ಮೋಹ ಬೇಡ ಅಂತ ಅರ್ಥ ಅಂದ್ರು. ಅತ್ತಿಗೆ ಕೇಳಿ ಅತ್ತರು. ಚಿಕ್ಕಮ್ಮ ತೊಟ್ಟಿಲ ಹತ್ರ ಇಂಥದ್ದು ಹಾಡಬಾರ್ದು, ಅಪಶಕುನ ಅಂತ ಮೆಸೇಜ್ ಹಾಕಿದ್ರು. ಬೆಂಗಳೂರಲ್ಲಿರುವ ಅಣ್ಣನ ಮಗ, ಐದನೇ ಕ್ಲಾಸು, ಎಲ್ಲ ಸೇರಿ ಬಲೆ ಸಮೇತ ಹಾರಬಹುದಿತ್ತಲ್ಲ ಅಂತ ಕೇಳಿದ. ಯಾರು ಹೇಳಿದ್ದು ಸರಿ? ಇನ್ನು ಈ ಹಾಡನ್ನು ಮಗುವಿಗೆ ಹಾಡಬಹುದಾ? ಮತ್ತೊಂದು ವಿಷಯ, ಬಲೆಯ ಸಾಲು ಬರುವಾಗ ದೊಡ್ಡಮ್ಮ ತೊಟ್ಟಿಲ ಹಗ್ಗ ಎಳೆಯುವುದನ್ನು ನಿಲ್ಲಿಸ್ತಾರೆ, ಆ ಸಾಲು ದಾಟಿದ ಮೇಲೆ ಮತ್ತೆ ಎಳೀತಾರೆ. ವಿಡಿಯೋದಲ್ಲಿ ನೋಡಿದಾಗಲೇ ನನಗೆ ಗೊತ್ತಾದದ್ದು.

ಉತ್ತರ: ಅಕ್ಕಾ, ನಿಮ್ಮ ಮಾವ ಸುಮ್ಮನೆ ಹೇಳಿದ್ದಲ್ಲ. ಭಾಗವತದ 11ನೇ ಸ್ಕಂಧದಲ್ಲಿ ಅವಧೂತ ಯದುರಾಜನಿಗೆ ತನ್ನ 24 ಗುರುಗಳು ಯಾರ್ಯಾರು ಅಂತ ಹೇಳುವಾಗ ಪಾರಿವಾಳದ ಕತೆಯೂ ಬರ್ತದೆ, ಹೆಚ್ಚುಕಮ್ಮಿ ಇದೇ ಕತೆ, ಮರಿಗಳು ಬಲೆಗೆ, ತಾಯಿ ಬಲೆಗೆ, ಕೊನೆಗೆ ಗಂಡು ಹಕ್ಕಿಯೂ ಅತ್ತು ಅತ್ತು ತಾನೇ ಹೋಗಿ ಬಲೆಗೆ ಬೀಳ್ತದೆ, ಬೇಟೆಗಾರ ಎಲ್ಲವನ್ನೂ ತಕ್ಕೊಂಡು ಖುಷಿಯಲ್ಲಿ ಮನೆಗೆ ಹೋಗ್ತಾನೆ. ಅತಿಯಾದ ಮೋಹ ಇಟ್ಟುಕೊಂಡವನ ಗತಿ ಹೀಗೆ ಅಂತ ಅಲ್ಲಿ ಪಾಠ. ನಿಮ್ಮ ಮಾವ ಪುರಾಣ ಪ್ರವಚನ ಕೇಳಿ ಬೆಳೆದವರಾದ್ರೆ ಅವರಿಗೆ ಬೇರೆ ಅರ್ಥ ಹೊಳೆಯುವುದೇ ಕಷ್ಟ.

ಆದ್ರೆ ನಿಮ್ಮ ದೊಡ್ಡಮ್ಮನ ಹಾಡಲ್ಲಿ ಗಂಡು ಹಕ್ಕಿ ಬಲೆಗೆ ಬೀಳುವುದಿಲ್ಲ, ಗಮನಿಸಿದ್ರಾ? ಅದು ಮರದ ಮೇಲೆ ಉಳೀತದೆ, ಉಳಿದು ಕೂಗ್ತದೆ. ನನಗೆ ಈ ವ್ಯತ್ಯಾಸ ತುಂಬ ದೊಡ್ಡದು ಅನ್ನಿಸ್ತದೆ. ಎಲ್ಲರೂ ಸತ್ತುಹೋದ್ರೆ ಕತೆ ಪಾಠ ಆಗಿ ಮುಗೀತದೆ, ಒಬ್ಬರು ಉಳಿದ್ರೆ ದುಃಖ ಉಳೀತದೆ. ರಾಮಾಯಣದ ಶುರುವಿನಲ್ಲಿ ಕ್ರೌಂಚ ಜೋಡಿಯ ಗಂಡನ್ನು ಬೇಡ ಹೊಡೆದಾಗ ಹೆಣ್ಣು ಅಳುವುದು ಕೇಳಿಯೇ ಅಲ್ವಾ ವಾಲ್ಮೀಕಿಯ ಬಾಯಲ್ಲಿ ಶಾಪ ಶ್ಲೋಕ ಆಗಿ ಬಂದದ್ದು. ಅಲ್ಲಿ ಉಳಿದದ್ದು ಹೆಣ್ಣು, ಇಲ್ಲಿ ಗಂಡು, ಅಷ್ಟೇ ಫರಕು. ಹಾಗಾಗಿ ಅತ್ತಿಗೆ ಅತ್ತದ್ದು ಹಾಡು ಅರ್ಥ ಆಗದೆ ಅಲ್ಲ, ಹಾಡು ಎಲ್ಲಿ ನಿಂತಿದೆಯೋ ಅಲ್ಲೇ ಅವರೂ ನಿಂತರು.

ಇನ್ನು ಅಣ್ಣನ ಮಗ. ಅವನ ಪ್ರಶ್ನೆಗೆ ನಗಬೇಡಿ ದಯವಿಟ್ಟು. ಪಂಚತಂತ್ರದಲ್ಲಿ ಚಿತ್ರಗ್ರೀವ ಅನ್ನುವ ಪಾರಿವಾಳಗಳ ರಾಜ ತನ್ನ ಬಳಗಕ್ಕೆ ಎಲ್ಲರೂ ಒಟ್ಟಿಗೆ ಹಾರಿ ಅಂತ ಹೇಳಿ ಬಲೆ ಸಮೇತ ಹಾರಿ ಹೋಗಿ ಹಿರಣ್ಯಕ ಅನ್ನುವ ಇಲಿಯಿಂದ ಬಲೆ ಕಡಿಸ್ತಾನೆ, ಒಗ್ಗಟ್ಟಿಗೆ ಉದಾಹರಣೆ ಅಂತ ಮಕ್ಕಳಿಗೆ ಹೇಳುವ ಕತೆ. ಪಾರಿವಾಳ, ಬಲೆ ಅಂತ ಕೇಳಿದ ಕೂಡ್ಲೇ ಅವನು ಹಾರುವುದನ್ನೇ ಕಾದು ಕೂತಿದ್ದಾನೆ, ಹಾರಲಿಲ್ಲ ಅಂತ ಅವನಿಗೆ ಬೇಜಾರು. ಮಹಾಭಾರತದ ಶಾಂತಿಪರ್ವಕ್ಕೆ ಹೋದ್ರೆ ಅಲ್ಲಿ ಮತ್ತೊಂದು ಉಂಟು, ಹೆಣ್ಣು ಪಾರಿವಾಳ ಬೇಟೆಗಾರನ ಪಂಜರದಲ್ಲಿದ್ದುಕೊಂಡೇ ಗಂಡನಿಗೆ ಇವನು ನಮ್ಮ ಮರದ ಬುಡಕ್ಕೆ ಬಂದ ಅತಿಥಿ, ಉಪಚಾರ ಮಾಡು ಅಂತ ಹೇಳ್ತದೆ, ಗಂಡು ಹಕ್ಕಿ ಚಳಿಯಲ್ಲಿ ನಡುಗುವ ಅವನಿಗೆ ಬೆಂಕಿ ಮಾಡಿಕೊಟ್ಟು ಕೊನೆಗೆ ಊಟಕ್ಕೆ ಅಂತ ತಾನೇ ಬೆಂಕಿಗೆ ಹಾರ್ತದೆ. ಅದೇ ಹಕ್ಕಿ, ಅದೇ ಬೇಟೆಗಾರ. ಒಂದು ಕಡೆ ಮೋಹ ಬಿಡು, ಒಂದು ಕಡೆ ಅಳು, ಒಂದು ಕಡೆ ಒಗ್ಗಟ್ಟು, ಒಂದು ಕಡೆ ಅತಿಥಿ ಸತ್ಕಾರ. ದೊಡ್ಡ ದೊಡ್ಡ ಗ್ರಂಥಗಳಲ್ಲೇ ಇಷ್ಟು ದಾರಿ ಇರುವಾಗ ನಿಮ್ಮ ಗ್ರೂಪಲ್ಲಿ ನಾಲ್ಕು ಅಭಿಪ್ರಾಯ ಬಂದದ್ದು ಜಗಳ ಅಂತ ಯಾಕೆ ಎಣಿಸ್ತೀರಿ? ಖಾಲಿ ಕಿವಿ ಇಟ್ಟುಕೊಂಡು ಯಾರೂ ಹಾಡು ಕೇಳುವುದಿಲ್ಲ, ಪ್ರತಿಯೊಬ್ಬರ ಕಿವಿಯಲ್ಲೂ ಮೊದಲೇ ಒಂದು ಕತೆ ಕೂತಿರ್ತದೆ.

ಚಿಕ್ಕಮ್ಮನ ಮಾತು ಮಾತ್ರ ನನಗೆ ಒಪ್ಪಿಗೆ ಇಲ್ಲ. ಅಪಶಕುನ ಅಂತಾದ್ರೆ ಪುಣ್ಯಕೋಟಿಯನ್ನೂ ಮಕ್ಕಳಿಗೆ ಹೇಳಬಾರ್ದು, ಅಲ್ಲಿ ಹಸು ಕರುವನ್ನು ಬಿಟ್ಟು ಸಾಯ್ಲಿಕ್ಕೇ ಹೊರಡ್ತದೆ, ನಾವೆಲ್ಲ ಅದನ್ನು ಕೇಳಿಯೇ ದೊಡ್ಡವರಾದದ್ದು. ಜೋಗುಳಗಳಲ್ಲಿ ತಾಯಂದಿರು ತಮ್ಮ ತವರಿನ ನೆನಪು, ಗಂಡನ ಮನೆಯ ಕಷ್ಟ ಎಲ್ಲ ಹಾಡಿಕೊಂಡದ್ದುಂಟು, ಹಗಲಿಡೀ ಬಾಯಿ ಬಿಡ್ಲಿಕ್ಕೆ ಆಗದವರಿಗೆ ತೊಟ್ಟಿಲ ಹತ್ರ ಮಾತ್ರ ಜಾಗ ಇದ್ದದ್ದು. ಮಗುವಿಗೆ ಬೇಕಾದದ್ದು ದನಿ, ಅದು ಸಿಕ್ಕಿದ್ರೆ ನಿದ್ದೆ ಬರ್ತದೆ. ಆದ್ರೆ ಅತ್ತಿಗೆ ಎದುರಿಗಿರುವಾಗ ಸದ್ಯಕ್ಕೆ ಬೇಡ, ಮತ್ತೆ ಯಾಕೆ ಅತ್ತದ್ದು ಅಂತ ಗ್ರೂಪಲ್ಲಿ ಅವರನ್ನು ಕೇಳ್ಲೂ ಬೇಡಿ, ಹೇಳಬೇಕು ಅನ್ನಿಸಿದ್ರೆ ಅವರೇ ನಿಮ್ಮ ಹತ್ರ ಹೇಳ್ತಾರೆ.

ನಿಮ್ಮ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತೊಟ್ಟಿಲ ಹಗ್ಗ. ಹಾಡುವವರೂ ಕೇಳುವವರೇ ಅಲ್ವಾ, ಇಷ್ಟು ವರ್ಷ ಹಾಡಿಯೂ ದೊಡ್ಡಮ್ಮನಿಗೆ ಆ ಸಾಲು ಬಂದಾಗ ಕೈ ನಿಲ್ತದೆ. ಅವರ ಹತ್ರ ಹೋಗಿ ಹಾಡಿನ ಅರ್ಥ ಎಂತ ಅಂತ ಕೇಳ್ಬೇಡಿ, ಎಲ್ಲಿ ಕಲಿತದ್ದು, ಯಾವ ಕೆಲಸ ಮಾಡುವಾಗ ಹಾಡ್ತಿದ್ದದ್ದು ಅಂತ ಕೇಳಿ. ನಮ್ಮ ಕಡೆ ಗದ್ದೆಯಲ್ಲಿ ನೇಜಿ, ಅಂದ್ರೆ ಭತ್ತದ ಸಸಿ, ನೆಡುವಾಗ ಹೆಂಗಸರು ಓಬೇಲೆ, ಪಾಡ್ದನ ಅನ್ನುವ ತುಳು ಹಾಡು ಹಾಡುವುದು ನಿಮಗೆ ಗೊತ್ತುಂಟಲ್ಲ, ಒಬ್ಬರು ಸಾಲು ಹೇಳುವುದು ಉಳಿದವರು ಎತ್ತುವುದು, ಏಣೆಲು ಬೆಳೆಯ ಮಳೆಗಾಲದಲ್ಲಿ ಬೆಳಗ್ಗಿನಿಂದ ಬಗ್ಗಿಯೇ ಇದ್ದವರಿಗೆ ಕತೆ ಉದ್ದ ಇದ್ದಷ್ಟೂ ಒಳ್ಳೆಯದು, ಅಲ್ಲಿ ಯಾರೂ ನಿಂತು ಅಳುವುದಿಲ್ಲ, ಕೈ ನಡೀತಾ ಇರಬೇಕು. ಈ ಹಾಡು ಗದ್ದೆಯಿಂದ ಬಂದದ್ದಾದ್ರೆ ತೊಟ್ಟಿಲಿಗೆ ಬಂದ ಮೇಲೆ ನಿಧಾನ ಆಗಿರ್ತದೆ, ಚಿಕ್ಕದೂ ಆಗಿರ್ತದೆ. ಗದ್ದೆಗಳೆಲ್ಲ ಅಡಿಕೆ ತೋಟ ಆದ ಹಾಗೆ ಎಷ್ಟೋ ಹಾಡು ಹೀಗೆ ಮನೆಯೊಳಗೆ ಬಂದು ಕೂತಿವೆ. ಗಂಡು ಹಕ್ಕಿ ಆಮೇಲೆ ಎಂತ ಮಾಡಿತು ಅನ್ನುವ ಭಾಗ ಗದ್ದೆಯಲ್ಲಿ ಹಾಡ್ತಿದ್ದ ಉದ್ದದ ಹಾಡಲ್ಲಿ ಇರಲೂಬಹುದು. ದೊಡ್ಡಮ್ಮ ಇರುವಾಗಲೇ ಕೇಳಿಟ್ಟುಕೊಳ್ಳಿ ಅಕ್ಕಾ, ಇದನ್ನು ಮುಂದೆ ಹಾಕಬೇಡಿ.

ಪ್ರಶ್ನೆ: ನಾನು ಕುಂಬಳೆ ಕಡೆ ಕನ್ನಡ ಮೀಡಿಯಂ ಮಕ್ಕಳಿಗೆ ಪಾಠ ಮಾಡ್ತೇನೆ. ಕ್ಲಾಸಲ್ಲಿ ಹಕ್ಕಿಗಳ ಹಾಡು ಹೇಳಿಕೊಡುವಾಗ ಹೊರಗೆ ಮರದಲ್ಲಿ ಒಂದು ಹಕ್ಕಿ ನಾಲ್ಕು ಸ್ವರದಲ್ಲಿ ಕೂಗ್ತಾ ಇತ್ತು, ಮನೆಯಲ್ಲಿ ಮಲಯಾಳ ಮಾತಾಡುವ ಮಕ್ಕಳು ಅದು ಚಕ್ಕೈಕ್ಕುಪ್ಪುಂಡೋ ಅಂತ ಕೇಳ್ತದೆ ಅಂತ ನಕ್ಕರು, ತುಳು ಕನ್ನಡದ ಮಕ್ಕಳು ಹಾಗೆ ಕೇಳುವುದೇ ಇಲ್ಲ ಅಂತ ವಾದ. ನಾನು ಎಂತ ಹೇಳ್ಬೇಕಿತ್ತು?

ಉತ್ತರ: ಮಾಸ್ತರ್ರೆ, ಇಂಥ ವಾದ ಕ್ಲಾಸಲ್ಲಿ ದಿನಾ ಆಗಲಿ ಅಂತ ನಾನು ಹೇಳುವುದು. ಆ ಹಕ್ಕಿ ಮಲಯಾಳದ ವಿಷುಪ್ಪಕ್ಷಿ, ಕೋಗಿಲೆಯ ಜಾತಿಯದ್ದೇ, ತಾನು ಗೂಡು ಕಟ್ಟದೆ ಕಾಜಾಣದ ಗೂಡಲ್ಲಿ ಮೊಟ್ಟೆ ಇಡ್ತದೆ, ಎತ್ತರದ ಮರದ ಎಲೆ ನಡುವೆ ಕೂತು ಕೂಗುವ ಕಾರಣ ಕಣ್ಣಿಗೆ ಬೀಳುವುದು ಅಪರೂಪ. ಏಪ್ರಿಲ್ ಮಧ್ಯದಲ್ಲಿ ವಿಷು, ನಮಗೆ ಬಿಸು, ಆಗ ಇದರ ಕೂಗು ಜೋರು. ಹಲಸಿನ ಕಾಲ ಅಲ್ವಾ, ಹಾಗಾಗಿ ಹಲಸಿಗೆ ಉಪ್ಪುಂಟಾ ಅಂತ ಕೇಳ್ತದೆ. ಬೇಸಾಯದವರಿಗೆ ಅದೇ ನಾಲ್ಕು ಸ್ವರ ವಿತ್ತುಂ ಕೈಕ್ಕೋಟ್ಟುಂ ಅಂತ, ಬೀಜವೂ ಗುದ್ದಲಿಯೂ ಎಲ್ಲಿ, ತೆಗೀರಿ ಅಂತ. ಇನ್ನು ಕೆಲವರಿಗೆ ಅಚ್ಛನ್ ಕೊಂಬತ್ತ್ ಅಮ್ಮ ವರಂಬತ್ತ್, ಅಪ್ಪ ಕೊಂಬೆಯಲ್ಲಿ ಅಮ್ಮ ಗದ್ದೆಯ ಬದುವಿನಲ್ಲಿ. ಬಂಗಾಳಕ್ಕೆ ಹೋದ್ರೆ ಇದೇ ಹಕ್ಕಿ ಬೌ ಕಥಾ ಕಓ ಅಂತದೆ, ಮುನಿಸಿಕೊಂಡ ಹೆಂಡತಿಗೆ ಮಾತಾಡು ಮಾರಾಯ್ತಿ ಅಂತ ಬೇಡಿಕೊಳ್ಳುವುದು. ಹಕ್ಕಿ ಕೊಡುವುದು ನಾಲ್ಕು ಸ್ವರ, ಮಾತು ತುಂಬಿಸುವುದು ಕೇಳುವವರು, ಅವರವರ ಮನೆಯಲ್ಲಿ ಆ ತಿಂಗಳು ಎಂತ ನಡೀತಾ ಇದೆಯೋ ಅದು. ತುಳು ಕನ್ನಡದ ಮಕ್ಕಳಿಗೆ ಮನೆಯಲ್ಲಿ ಅಜ್ಜ ಅಜ್ಜಿಯ ಹತ್ರ ಕೇಳಿಕೊಂಡು ಬರ್ಲಿಕ್ಕೆ ಹೇಳಿ, ಖಂಡಿತ ಎಂತಾದ್ರೂ ಸಿಗ್ತದೆ, ಸಿಗದಿದ್ರೆ ಅವರೇ ನಾಲ್ಕು ಸ್ವರಕ್ಕೆ ಮಾತು ಕಟ್ಟಲಿ. ಎಲ್ಲವನ್ನೂ ಬೋರ್ಡಲ್ಲಿ ಪಕ್ಕಪಕ್ಕ ಬರೆಸಿ, ಯಾವುದನ್ನೂ ತಪ್ಪು ಅನ್ನಬೇಡಿ.

ಪ್ರಶ್ನೆ: ಅಕ್ಕಲಕೋಟದಿಂದ ಬರದೀನ್ರಿ. ನಮ್ಮ ಹೊಲದಾಗ ಮಳಿ ಮುಂಚೆ ಒಂದು ಹಕ್ಕಿ ಒದರತೈತಿ, ಬಾಜೂ ಮರಾಠಿ ಮಂದಿ ಅದು ಪೇರ್ತೆ ವ್ಹಾ ಅಂತೈತಿ, ಬಿತ್ತಾಕ ಹೊಂಡ್ರಿ ಅಂತ ಹೇಳತೈತಿ ಅಂತಾರ. ಅವ್ವ ಅದರ ಮ್ಯಾಲ ಹಾಡ ಹಾಡತಾಳ. ಪುಣೆಯಿಂದ ಬಂದ ಮಗಾ ರಾತ್ರಿ ನಿದ್ದಿ ಕೆಡಸತೈತಿ ಅಂತ ಬೈತಾನ. ಹಕ್ಕಿಗೆ ಮಳಿ ಬರೂದು ಖರೇನ ತಿಳಿತೈತೇನ್ರಿ?

ಉತ್ತರ: ಅಣ್ಣಾ, ಅದು ಚಾಣ ಕೋಗಿಲೆ, ಮರಾಠಿಯ ಪಾವಶಾ. ಮಳೆಗೆ ಮೊದಲಿನ ಸೆಕೆಯ ದಿನಗಳಲ್ಲಿ ಅದಕ್ಕೆ ಜೋಡಿ ಹುಡುಕುವ ಕಾಲ ಶುರು, ಅದಕ್ಕೇ ಕೂಗು, ಸ್ವರ ಏರಿಸ್ತಾ ಏರಿಸ್ತಾ ರಾತ್ರಿಯೂ ಬಿಡುವುದಿಲ್ಲ. ನಿಮ್ಮ ಮಗನ ಹಾಗೆ ನಿದ್ದೆ ಕೆಟ್ಟ ಇಂಗ್ಲಿಷಿನವರು ಇದಕ್ಕೆ ಬ್ರೈನ್ ಫೀವರ್ ಹಕ್ಕಿ ಅಂತ ಹೆಸರಿಟ್ಟರು, ಹಿಂದಿಯವರಿಗೆ ಅದೇ ಕೂಗು ಪೀ ಕಹಾಂ, ನಲ್ಲ ಎಲ್ಲಿ ಅಂತ. ಹೊಲ ಇದ್ದವರಿಗೆ ಬಿತ್ತನೆ, ನಲ್ಲ ದೂರ ಇದ್ದವರಿಗೆ ನಲ್ಲ. ಅವ್ವನ ಹಾಡು ಒಂದು ರಾತ್ರಿ ಮಗನ ಹತ್ರವೇ ರೆಕಾರ್ಡ್ ಮಾಡಿಸಿ, ಹಿಂದೆ ಹಕ್ಕಿಯ ಕೂಗೂ ಬರಲಿ. ಬಿತ್ತನೆ ಮಾತ್ರ ಹಕ್ಕಿಯನ್ನು ನಂಬಿ ಬೇಡ, ಭೂಮಿಯಲ್ಲಿ ಹಸಿ ಎಷ್ಟು ಇಳಿದಿದೆ ನೋಡಿಯೇ ಮಾಡಿ, ಮೊದಲ ಮಳೆಗೆ ಬಿತ್ತಿ ಮತ್ತೆ ಮಳೆ ಕೈಕೊಟ್ರೆ ಮೊಳಕೆ ಒಣಗಿ ಹೋಗ್ತದೆ.

ಪ್ರಶ್ನೆ: ಮಂಜೇಶ್ವರ ನಮ್ಮದು. ಅಮ್ಮ ಹಾಡುವ ಹಾಡಲ್ಲಿ ಕೋಗಿಲೆಯನ್ನು ಅಕ್ಕಾ ಅಂತ ಕರೀತಾರೆ. ಹಾಡುವುದು ಗಂಡು ಕೋಗಿಲೆ, ಹಾಡೇ ತಪ್ಪು ಅಂತ ಮಗಳು ಹೇಳ್ತಾಳೆ. ತಿದ್ದಬೇಕಾ?

ಉತ್ತರ: ಬೇಡ. ಮಗಳು ಹೇಳುವುದು ನಿಜ, ಕುಹೂ ಅನ್ನುವುದು ಕಪ್ಪು ಬಣ್ಣದ ಗಂಡು, ಹೆಣ್ಣು ಕಂದು ಮೈಮೇಲೆ ಬಿಳಿ ಚುಕ್ಕೆಯದ್ದು, ಅದರದ್ದು ಕಿಕ್ ಕಿಕ್ ಅನ್ನುವ ಚುರುಕು ಕೂಗು. ಆದ್ರೆ ಅಮ್ಮ ಆ ಹಾಡಲ್ಲಿ ಕರೀತಾ ಇರುವುದು ಒಬ್ಬ ಅಕ್ಕನನ್ನು, ಅಣ್ಣ ಅಂತ ತಿದ್ದಿದ್ರೆ ಆ ಅಕ್ಕ ಇಲ್ಲದೆ ಹೋಗ್ತಾಳೆ. ಮಗಳಿಗೆ ಇಷ್ಟು ಆಸಕ್ತಿ ಇರುವುದು ಒಳ್ಳೆಯದೇ, ಬೇಸಿಗೆಯಲ್ಲಿ ಹತ್ತಿರ ಎಲ್ಲಾದ್ರೂ ಕಾಗೆ ಗೂಡು ಇದ್ರೆ ದೂರದಿಂದ ನೋಡ್ತಾ ಇರ್ಲಿಕ್ಕೆ ಹೇಳಿ, ಗಂಡು ಕೋಗಿಲೆ ಕಾಗೆಗಳನ್ನು ಕೆಣಕಿ ಅಟ್ಟಿಸಿಕೊಂಡು ಹೋಗುವಾಗ ಹೆಣ್ಣು ಬಂದು ಮೊಟ್ಟೆ ಇಟ್ಟು ಹೋಗುವುದು ಅದೃಷ್ಟ ಇದ್ರೆ ಕಾಣ್ಲಿಕ್ಕೆ ಸಿಗ್ತದೆ.