ಹಾಸನದಿಂದ ಧರ್ಮಸ್ಥಳಕ್ಕೆ ಶಿವರಾತ್ರಿ ಪಾದಯಾತ್ರೆ: ಹನ್ನೊಂದು ಕಿಲೋ ಚೀಲದಿಂದ ಏನನ್ನು ತೆಗೆಯಬೇಕು?

ಶಿವರಾತ್ರಿಗೆ ಹಾಸನದಿಂದ ಬೇಲೂರು, ಮೂಡಿಗೆರೆ, ಚಾರ್ಮಾಡಿ ಮಾರ್ಗವಾಗಿ ಮೊದಲ ಬಾರಿ ಧರ್ಮಸ್ಥಳಕ್ಕೆ ನಡೆದು ಹೊರಟಿರುವುದಾಗಿಯೂ, ಊರಿನ ಹತ್ತು ಮಂದಿಯ ಜೊತೆಗೆ ಸಾಮಾನಿಗೆಂದು ಒಂದು ಟೆಂಪೊ ಇರುವುದಾಗಿಯೂ, ಆದರೂ ನಿಮ್ಮ ಚೀಲ ಈಗಲೇ ಹನ್ನೊಂದು ಕಿಲೋ ತೂಗುತ್ತಿರುವುದಾಗಿಯೂ ಬರೆದಿದ್ದೀರಿ. ಯಾವುದನ್ನು ತೆಗೆಯಬೇಕು, ಹೊದಿಕೆ, ಶೂ, ತಿಂಡಿಗಳ ವಿಷಯದಲ್ಲಿ ಏನು ಮಾಡಬೇಕು, ಛತ್ರಿ ಬೇಕೇ ಎಂಬುದು ನಿಮ್ಮ ಪ್ರಶ್ನೆ.

ಚಿಕ್ಕಮಗಳೂರಿನಿಂದ ಮೂರು ಬಾರಿ ಈ ಯಾತ್ರೆ ಮಾಡಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಮನೆ ಬಣಕಲ್ ಕಡೆಯ ರಸ್ತೆಬದಿಯಲ್ಲಿದೆ. ಶಿವರಾತ್ರಿಗೆ ಐದಾರು ದಿನ ಇರುವಾಗಲೇ ಪಾದಯಾತ್ರಿಗಳು ಬರತೊಡಗುತ್ತಾರೆ. ನಮ್ಮ ಜಗಲಿಯಲ್ಲಿ ಕುಳಿತು, ಮಜ್ಜಿಗೆ ಕುಡಿದು, ಕಾಲು ನೀವಿಕೊಂಡು ಮುಂದೆ ಹೊರಡುವವರಲ್ಲಿ ಕೆಲವರು ಏನನ್ನಾದರೂ ಬಿಟ್ಟೇ ಹೋಗುತ್ತಾರೆ. ಕೆಲವರು ಮರೆತು, ಹೆಚ್ಚಿನವರು ಬೇಕೆಂದೇ. ಇದುವರೆಗೆ ನಮ್ಮಲ್ಲಿ ಉಳಿದಿರುವುದರಲ್ಲಿ ದಪ್ಪ ರಗ್ಗುಗಳಿವೆ, ಜೀನ್ಸ್ ಪ್ಯಾಂಟುಗಳಿವೆ, ಸ್ಟೀಲ್ ತಟ್ಟೆ ಲೋಟಗಳಿವೆ, ಒಡೆಯದ ಬಿಸ್ಕತ್ತು ಪೊಟ್ಟಣಗಳಿವೆ, ಹಿಮ್ಮಡಿ ಕಚ್ಚಿದ ಹೊಚ್ಚಹೊಸ ಶೂಗಳಿವೆ, ಒಮ್ಮೆ ಕವರು ಸಹಿತ ಒಂದು ತಲೆದಿಂಬೂ ಇತ್ತು. ಟಾರ್ಚನ್ನಾಗಲಿ, ತೆಳು ಪಂಚೆಯನ್ನಾಗಲಿ, ಗಾಯಕ್ಕೆ ಅಂಟಿಸುವ ಟೇಪನ್ನಾಗಲಿ ಬಿಟ್ಟುಹೋದವರನ್ನು ನಾನು ಕಂಡಿಲ್ಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ: ರಸ್ತೆಯಲ್ಲಿ ಸಿಗುವುದನ್ನು ಹೊರಬೇಡಿ, ಸಿಗದಿರುವುದನ್ನು ಮಾತ್ರ ಹೊರಿ. ಈ ದಾರಿಯಲ್ಲಿ ಅನ್ನ, ನೀರು, ಪಾನಕ, ಮಲಗಲು ಯಾವುದಾದರೊಂದು ಶಾಲೆಯ ಅಥವಾ ದೇವಸ್ಥಾನದ ಅಂಗಳ ಸಿಗುತ್ತವೆ. ನಿಮ್ಮ ಪಾದಕ್ಕೆ ಒಗ್ಗಿದ ಪಾದರಕ್ಷೆ, ರಾತ್ರಿಯ ಬೆಚ್ಚನೆ, ಕತ್ತಲಲ್ಲಿ ಬೆಳಕು, ನೀವು ದಿನವೂ ನುಂಗುವ ಮಾತ್ರೆ ಸಿಗುವುದಿಲ್ಲ.

ಮೊದಲು ತೂಕದ ಮಾತು. ಬೆನ್ನಿನ ಹೊರೆ ದೇಹದ ತೂಕದ ಹತ್ತನೇ ಒಂದು ಭಾಗವನ್ನು ಮೀರಬಾರದೆಂದು ದೂರ ನಡೆಯುವವರು ಸಾಮಾನ್ಯವಾಗಿ ಹೇಳುತ್ತಾರೆ. ಅರವತ್ತು ಕಿಲೋ ತೂಗುವವರಿಗೆ ಅದು ನೀರೂ ಸೇರಿ ಆರು ಕಿಲೋ. ನನಗೆ ಕೇಳಿದರೆ ಅದೂ ಹೆಚ್ಚು. ಊರಿಂದ ಊರಿಗೆ ನಡೆಯುವ ನಮಗೆ ನಾಲ್ಕು ಕಿಲೋ ಧಾರಾಳವಾಯಿತು. ಚೀಲವನ್ನು ಕೈಯಲ್ಲಿ ಎತ್ತಿ ನೋಡಿ "ಹಗುರವಾಗಿದೆ" ಎಂದುಕೊಳ್ಳಬೇಡಿ. ಸಂಜೆ ಆಳುಗಳು ಕೊಯ್ದ ಕಾಫಿ ಹಣ್ಣು ತೂಗುವ ಕೊಕ್ಕೆ ತಕ್ಕಡಿಗೆ ನಾನು ನನ್ನ ಚೀಲವನ್ನು ನೇತುಹಾಕುತ್ತೇನೆ, ಆಮೇಲೆ ಒಂದೊಂದೇ ವಸ್ತುವನ್ನು ಹೊರತೆಗೆದು ಅದನ್ನೂ ಪ್ರತ್ಯೇಕವಾಗಿ ತೂಗುತ್ತೇನೆ. ಒಂದು ಜೀನ್ಸ್ ಪ್ಯಾಂಟು ಮುಕ್ಕಾಲು ಕಿಲೋದ ಹತ್ತಿರ ತೂಗುವುದನ್ನು ಕಣ್ಣಾರೆ ಕಂಡ ಮೇಲೆ ಅದನ್ನು ಮತ್ತೆ ಒಳಗಿಡಲು ಮನಸ್ಸು ಬರುವುದಿಲ್ಲ. ಹಾಸನದಲ್ಲಿ ನಿಮಗೆ ಕಾಫಿ ತಕ್ಕಡಿ ಸಿಗದಿದ್ದರೆ ಪರಿಚಯದ ದಿನಸಿ ಅಂಗಡಿಯ ತಕ್ಕಡಿಯಾದರೂ ಸಾಕು.

ಏನನ್ನು ಹೊರಬೇಕೆಂಬುದು ದಾರಿಯ ಸ್ವಭಾವವನ್ನು ಅವಲಂಬಿಸಿದೆ. ನಿಮ್ಮ ದಾರಿ ಹೆಚ್ಚುಕಡಿಮೆ 130 ಕಿಲೋಮೀಟರು, ಆದರೆ ಹವೆಯ ದೃಷ್ಟಿಯಿಂದ ಅದು ಒಂದೇ ದಾರಿಯಲ್ಲ, ಮೂರು. ಹಾಸನದಿಂದ ಬೇಲೂರಿನವರೆಗೆ ಬಯಲು, ಮರದ ನೆರಳು ಕಡಿಮೆ, ಮಧ್ಯಾಹ್ನ ಟಾರು ಕಾಯುತ್ತದೆ. ಬೇಲೂರಿನಿಂದ ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರದವರೆಗೆ ಕಾಫಿ ತೋಟದ ನೆರಳು. ಹಗಲು ಹಿತ, ಆದರೆ ಬೆಳಗಿನ ಜಾವದ ಮಂಜು ಮತ್ತು ಚಳಿ ಬಯಲುಸೀಮೆಯವರನ್ನು ಮೋಸಗೊಳಿಸುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳನ್ನು ಇಳಿದು ಕೆಳಗಿನ ಚಾರ್ಮಾಡಿ ಊರು ತಲುಪಿದಿರೆಂದರೆ ಕರಾವಳಿಯ ಸೆಕೆ ಶುರು. ಅಲ್ಲಿಂದ ಮುಂಡಾಜೆ, ಉಜಿರೆ, ಧರ್ಮಸ್ಥಳದವರೆಗೆ ಬೆವರು ಆರುವುದಿಲ್ಲ, ರಾತ್ರಿ ಹೊದಿಕೆಯೂ ಬೇಕೆನಿಸುವುದಿಲ್ಲ. ಅಂದರೆ ನೀವು ಕಟ್ಟಿಟ್ಟಿರುವ ದಪ್ಪ ರಗ್ಗಿನ ಪ್ರಯೋಜನ ಎರಡು ರಾತ್ರಿ ಮಾತ್ರ, ಹೊರುವುದು ಮಾತ್ರ ಐದೂ ದಿನ. ಅದರ ಬದಲು ಒಂದು ತೆಳು ಉಣ್ಣೆ ಶಾಲು, ಒಂದು ಪೂರ್ಣ ತೋಳಿನ ಸ್ವೆಟರ್, ಕಿವಿಗೆ ಒಂದು ಮಫ್ಲರ್ ಇಟ್ಟುಕೊಂಡು ಮೂರನ್ನೂ ಒಟ್ಟಿಗೆ ಹಾಕಿಕೊಂಡರೆ ಮೂಡಿಗೆರೆಯ ಚಳಿ ಕಳೆಯುತ್ತದೆ. ನೆಲದ ತಣ್ಣನೆ ಏರದಂತೆ ಕೆಳಗೆ ಹಾಸಲು ಒಂದು ಪ್ಲಾಸ್ಟಿಕ್ ಹಾಳೆ ಸಾಕು. ಮೇಲಿನ ಹೊದಿಕೆ ಎಷ್ಟೇ ದಪ್ಪವಿದ್ದರೂ ಕೆಳಗಿನ ಸಿಮೆಂಟು ನೆಲ ಮೈಯ ಬಿಸಿಯನ್ನು ಹೀರಿಕೊಳ್ಳುತ್ತದೆ ಎಂಬುದನ್ನು ನಾನು ಮೊದಲ ವರ್ಷ ನಡುಗಿಯೇ ಕಲಿತೆ.

ಶಿವರಾತ್ರಿ ಬೀಳುವುದು ಮಾಘ ಬಹುಳ ಚತುರ್ದಶಿಯಂದು. 2024ರಲ್ಲಿ ಅದು ಮಾರ್ಚ್ 8ಕ್ಕೆ ಬಂದಿತ್ತು, 2025ರಲ್ಲಿ ಫೆಬ್ರವರಿ 26ಕ್ಕೆ, 2026ರಲ್ಲಿ ಫೆಬ್ರವರಿ 15ಕ್ಕೆ. ಹಬ್ಬ ಫೆಬ್ರವರಿಯ ನಡುವಿನಲ್ಲಿ ಬಂದರೆ ಸ್ವೆಟರಿಗೆ ಕೆಲಸ ಹೆಚ್ಚು, ಮಾರ್ಚಿಗೆ ಜಾರಿದರೆ ನೀರಿಗೆ. ಇನ್ನೊಂದು ವಿಷಯವನ್ನು ಹೊಸಬರು ಯೋಚಿಸುವುದೇ ಇಲ್ಲ: ಯಾತ್ರೆಯ ದಿನಗಳೆಲ್ಲ ಕೃಷ್ಣಪಕ್ಷದ ಕೊನೆಯ ದಿನಗಳು, ಬೆಳದಿಂಗಳು ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲು ತಪ್ಪಿಸಲು ಎಲ್ಲರೂ ನಸುಕಿನಲ್ಲಿ ನಾಲ್ಕಕ್ಕೇ ಹೊರಡುವುದರಿಂದ ಎರಡು ಗಂಟೆ ಕಗ್ಗತ್ತಲಲ್ಲಿ, ಲಾರಿ ಬಸ್ಸುಗಳ ನಡುವೆ ನಡೆಯಬೇಕಾಗುತ್ತದೆ. ಹಣೆಗೆ ಕಟ್ಟುವ ಸಣ್ಣ ಟಾರ್ಚು, ಚೀಲದ ಹಿಂಭಾಗಕ್ಕೆ ಹೊಲಿದ ಎರಡು ಗೇಣು ಹೊಳೆಯುವ ಪಟ್ಟಿ, ಇವೆರಡನ್ನು ಮಾತ್ರ ಯಾರು ಬೇಡವೆಂದರೂ ಬಿಡಬೇಡಿ. ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ನಡೆಯಿರಿ. ಘಾಟಿಯಲ್ಲಿ ಕತ್ತಲಾದ ಮೇಲೆ ಒಬ್ಬೊಬ್ಬರೇ ಹೋಗಬೇಡಿ. ಅದು ಆನೆ ಓಡಾಡುವ ಕಾಡು.

ಈಗ ಕಾಲಿನ ವಿಷಯ. ಯಾತ್ರೆಯನ್ನು ಅರ್ಧಕ್ಕೆ ನಿಲ್ಲಿಸಿ ಬಸ್ಸು ಹತ್ತುವವರಲ್ಲಿ ಸುಸ್ತಾಗಿ ಹತ್ತಿದವರನ್ನು ನಾನು ಕಂಡದ್ದು ಕಡಿಮೆ, ಬೊಬ್ಬೆಯೆದ್ದು ಹತ್ತಿದವರೇ ಹೆಚ್ಚು. ಬೊಬ್ಬೆಗೆ ಬೇಕಾದುದು ಮೂರು: ಉಜ್ಜಾಟ, ಬಿಸಿ, ಒದ್ದೆ. ಹತ್ತಿಯ ಸಾಕ್ಸು ಬೆವರನ್ನು ಹೀರಿ ಅಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ ಮೂರನೆಯದನ್ನು ತಾನೇ ಒದಗಿಸುತ್ತದೆ. ಆದ್ದರಿಂದ ಬೇಗ ಒಣಗುವ ನೂಲಿನ ಸಾಕ್ಸು ಮೂರು ಜೊತೆ ಇರಲಿ, ಒಂದು ಕಾಲಲ್ಲಿ, ಒಂದು ಚೀಲದ ಹೊರಗೆ ಒಣಗುತ್ತ, ಒಂದು ಒಳಗೆ. ಶೂ ಹಳೆಯದೇ ಇರಲಿ, ಕನಿಷ್ಠ ಒಂದೆರಡು ತಿಂಗಳು ನಿಮ್ಮ ಕಾಲಲ್ಲಿ ಓಡಾಡಿದ್ದಾಗಿರಲಿ. ನನ್ನ ಮೊದಲ ಯಾತ್ರೆಗೆ ನಾನು ಹೊರಡುವ ಹಿಂದಿನ ವಾರ ಹೊಸ ಶೂ ಕೊಂಡಿದ್ದೆ. ಅದು ದೇವರಿಗೆ ಗೌರವವೆಂದು ಆಗ ಅನಿಸಿತ್ತು. ಮೂಡಿಗೆರೆ ತಲುಪುವಷ್ಟರಲ್ಲಿ ಎರಡೂ ಹಿಮ್ಮಡಿಯ ಚರ್ಮ ಸುಲಿದು, ಉಳಿದ ದಾರಿಯನ್ನು ಅತ್ತಿಗೆಯ ರಬ್ಬರ್ ಚಪ್ಪಲಿಯಲ್ಲಿ ಮುಗಿಸಿದೆ. ದಿನವಿಡೀ ನಡೆದ ಪಾದ ಊದುವುದರಿಂದ ಶೂವಿನ ಮುಂಭಾಗದಲ್ಲಿ ಹೆಬ್ಬೆರಳಿಗೆ ಅರ್ಧ ಬೆರಳಿನಷ್ಟು ಜಾಗ ಉಳಿದಿರಬೇಕು. ಘಾಟಿ ಇಳಿಯುವಾಗ ಪಾದ ಮುಂದಕ್ಕೆ ಜಾರಿ ಉಗುರು ಶೂವಿಗೆ ಗುದ್ದಿ ಕಪ್ಪಾಗುತ್ತದೆ, ಅದಕ್ಕೆ ಹೊರಡುವ ಎರಡು ದಿನ ಮೊದಲು ಉಗುರು ಕತ್ತರಿಸಿಕೊಳ್ಳಿ. ಪಾದದ ಯಾವುದೇ ಜಾಗ ಬಿಸಿಯಾಗಿ ಚುರುಗುಟ್ಟಿದ ಕ್ಷಣವೇ, ಜೊತೆಯವರು ಮುಂದೆ ಹೋದರೂ ಸರಿ, ಕುಳಿತು ಶೂ ಬಿಚ್ಚಿ, ಒರೆಸಿ, ಅಲ್ಲಿಗೆ ಮೆಡಿಕಲ್ ಅಂಗಡಿಯ ಬಟ್ಟೆ ಟೇಪು ಅಂಟಿಸಿ. ಬೊಬ್ಬೆಗೆ ಸೂಜಿದಾರ ಪೋಣಿಸಿ ದಾರವನ್ನು ಒಳಗೇ ಬಿಡುವ ಪದ್ಧತಿಯೊಂದಿದೆ, ದಯವಿಟ್ಟು ಮಾಡಬೇಡಿ, ಆ ದಾರವೇ ಕೀವಿಗೆ ದಾರಿ. ತೊಡೆಯ ಸಂದಿಗೂ ಬೆರಳ ಸಂದಿಗೂ ಸಣ್ಣ ಡಬ್ಬಿಯಲ್ಲಿ ಕೊಬ್ಬರಿ ಎಣ್ಣೆ ಇರಲಿ; ಘಾಟಿಯ ಕೆಳಗಿನ ಸೆಕೆಯಲ್ಲಿ ಅದು ಬೇಕಾಗುತ್ತದೆ. ಬರಿಗಾಲಿನ ಹರಕೆ ಹೊತ್ತವರ ಮಾತು ಬೇರೆ, ಆದರೆ ಸಕ್ಕರೆ ಕಾಯಿಲೆ ಇರುವವರು ಆ ಹರಕೆ ಹೊರಬಾರದು. ಪಾದಕ್ಕೆ ನೋವೇ ತಿಳಿಯದಿದ್ದರೆ ಗಾಯವಾದದ್ದೂ ತಿಳಿಯುವುದಿಲ್ಲ.

ಬಟ್ಟೆ: ಮೈಮೇಲೊಂದು, ಚೀಲದಲ್ಲೊಂದು, ದರ್ಶನಕ್ಕೊಂದು. ಅಷ್ಟೇ. ತಂಗುವಲ್ಲಿಗೆ ತಲುಪಿದ ಕೂಡಲೇ ಒಗೆದು ಹರವಿದರೆ ತೆಳು ಬಟ್ಟೆ ಬೆಳಗಿಗೆ ಆರುತ್ತದೆ, ಮಲೆನಾಡಿನ ಮಂಜಿಗೆ ಆರದಿದ್ದರೆ ಚೀಲಕ್ಕೆ ಪಿನ್ನು ಹಾಕಿ ನೇತುಬಿಟ್ಟು ನಡೆಯಿರಿ. ದಪ್ಪ ಟವೆಲ್ಲಿನ ಬದಲು ತೆಳು ಪಂಚೆ ಒಯ್ಯಿರಿ. ಅದು ಮೈ ಒರೆಸಲು, ತಲೆಗೆ ಸುತ್ತಲು, ಮರೆಯಿಲ್ಲದಲ್ಲಿ ಬಟ್ಟೆ ಬದಲಿಸಲು, ಹಾಸಲು, ಹೊದೆಯಲು ಎಲ್ಲಕ್ಕೂ ಬರುತ್ತದೆ. ಧರ್ಮಸ್ಥಳದಲ್ಲಿ ಗಂಡಸರು ಅಂಗಿ ಬನಿಯನ್ ತೆಗೆದೇ ಒಳಗೆ ಹೋಗಬೇಕಾದುದರಿಂದ ನಿಮಗೆ ದರ್ಶನಕ್ಕೆಂದು ರೇಷ್ಮೆ ಶರ್ಟು ಬೇಕಿಲ್ಲ, ನೇತ್ರಾವತಿಯಲ್ಲಿ ಮಿಂದು ಉಡಲು ಒಂದು ಒಣ ಪಂಚೆ ಸಾಕು. ನಿಮ್ಮ ಜೊತೆ ಹೆಂಗಸರಿದ್ದರೆ, ದಾರಿಯುದ್ದಕ್ಕೂ ಸೀರೆಯಲ್ಲೇ ನಡೆಯಬೇಕೆಂಬ ಹಟವನ್ನು ಬಿಡಲು ಹೇಳಿ. ನಾನು ಎರಡನೆಯ ವರ್ಷದಿಂದ ಚೂಡಿದಾರದಲ್ಲಿ ನಡೆದು, ಸೀರೆಯನ್ನು ಸ್ನಾನಘಟ್ಟದಲ್ಲಿ ಉಡುತ್ತೇನೆ. ತಿಂಗಳ ದಿನ ಹತ್ತಿರವಿರಲಿ ಬಿಡಲಿ, ಪ್ಯಾಡುಗಳು ಚೀಲದಲ್ಲಿರಲಿ, ನಡಿಗೆಯ ಆಯಾಸಕ್ಕೆ ದಿನಗಳು ಏರುಪೇರಾಗುವುದುಂಟು.

ತಿಂಡಿಯ ವಿಷಯದಲ್ಲಿ ಮನೆಯವರೊಡನೆ ಜಗಳವಾದರೂ ಸರಿ, ಚಕ್ಕುಲಿ ಕೋಡುಬಳೆಯ ಡಬ್ಬಗಳನ್ನು ಇಳಿಸಿ. ದಾರಿಯುದ್ದಕ್ಕೂ ಊರವರು ಚಪ್ಪರ ಹಾಕಿ ಮಜ್ಜಿಗೆ, ಉಪ್ಪಿಟ್ಟು, ಚಿತ್ರಾನ್ನ ಕೊಡುತ್ತಾರೆ, ಬೇಡವೆಂದರೆ ಬೇಸರಪಟ್ಟುಕೊಳ್ಳುತ್ತಾರೆ. ಕೊಟ್ಟಿಗೆಹಾರದ ನೀರುದೋಸೆಯನ್ನು ಬಿಟ್ಟು ನಿಮ್ಮ ಡಬ್ಬದ ಮೆತ್ತಗಾದ ಅವಲಕ್ಕಿಯನ್ನು ಯಾರು ತಿನ್ನುತ್ತಾರೆ? ಒಂದು ಹಿಡಿ ಕಡಲೆಬೀಜ, ಬೆಲ್ಲದ ಎರಡು ಅಚ್ಚು ಜೇಬಿನಲ್ಲಿದ್ದರೆ ಚಪ್ಪರವಿಲ್ಲದ ಹಾದಿಗೆ ಸಾಕು. ನೀರು ಒಂದು ಲೀಟರಿಗೆ ಒಂದು ಕಿಲೋ, ಅದರಲ್ಲಿ ಉಳಿತಾಯವಿಲ್ಲ. ಆದರೆ ಎರಡು ಲೀಟರು ಹೊತ್ತು ನಡೆಯುವ ಬದಲು ಒಂದು ಲೀಟರಿನ ಬಾಟಲಿಯನ್ನು ಸಿಕ್ಕಲ್ಲೆಲ್ಲ ತುಂಬಿಸಿಕೊಳ್ಳಿ. ಘಾಟಿಯ ಇಳಿಜಾರಿನಲ್ಲಿ ಊರುಗಳಿಲ್ಲ, ಅಲ್ಲಿ ಮಾತ್ರ ಎರಡು ಬಾಟಲಿ. ಓಆರ್‌ಎಸ್ ಪೊಟ್ಟಣಗಳನ್ನು ಇಟ್ಟುಕೊಳ್ಳಿ, ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಬಾಟಲಿಯನ್ನೂ ತಟ್ಟೆಗಳನ್ನೂ ಘಾಟಿಯಲ್ಲಿ ಎಸೆಯಬೇಡಿ ಎಂದು ಹೇಳುವುದು ನಿಮ್ಮ ಪ್ರಶ್ನೆಗೆ ಹೊರತು, ಆದರೆ ಹಬ್ಬ ಕಳೆದ ಮೇಲೆ ಆ ರಸ್ತೆಬದಿಯನ್ನು ನೋಡುವವರು ನಾವು.

ಔಷಧಿಯಲ್ಲಿ ನಿಮ್ಮ ದಿನದ ಮಾತ್ರೆಗಳು ಎರಡು ದಿನದ ಹೆಚ್ಚುವರಿಯೊಂದಿಗೆ, ಟೇಪು, ಸಣ್ಣ ಕತ್ತರಿ, ಗಾಯದ ಮುಲಾಮು. ಊರಿಂದಲೇ ನೋವಿನ ಮಾತ್ರೆಯ ಪಟ್ಟಿಗಳನ್ನು ಕೊಂಡು, ಬೆಳಿಗ್ಗೆ ಸಂಜೆ ನುಂಗುತ್ತ ನಡೆಯುವವರಿದ್ದಾರೆ. ನೀರು ಕಡಿಮೆಯಾದ ಮೈಗೆ ಅಂಥ ಕೆಲವು ಮಾತ್ರೆಗಳು ಮೂತ್ರಪಿಂಡಕ್ಕೆ ಕೇಡು. ವೈದ್ಯರನ್ನು ಕೇಳದೆ ಹಾಗೆ ಮಾಡಬೇಡಿ.

ಟೆಂಪೊ ಇದೆಯಲ್ಲ ಎಂದು ನೀವು ಕೇಳಬಹುದು. ಟೆಂಪೊ ಇರುವುದೇ ಚೀಲ ಹನ್ನೊಂದು ಕಿಲೋ ಆಗಲು ಕಾರಣ. ಅದು ನಿಮ್ಮ ಜೊತೆ ನಡೆಯುವುದಿಲ್ಲ, ಮುಂದಿನ ತಂಗುದಾಣದಲ್ಲಿ ಕಾಯುತ್ತದೆ. ನಿಮಗೆ ಟೇಪು ಬೇಕಾದಾಗ ಅದು ಹತ್ತು ಮೈಲಿ ಆಚೆ ಇರುತ್ತದೆ, ಕಿರುದಾರಿಯಲ್ಲಿ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಬೇಕಿದ್ದರೆ ಶಾಲು, ಹಾಸು, ದರ್ಶನದ ಬಟ್ಟೆಯನ್ನು ಅದಕ್ಕೆ ಹಾಕಿ. ಹಣ, ಗುರುತಿನ ಚೀಟಿ, ಮಾತ್ರೆ, ಟೇಪು, ಟಾರ್ಚು, ನೀರು ಮೈಮೇಲೆಯೇ ಇರಲಿ. ಹಾಸನ ಜಿಲ್ಲೆಯವರಾದ ನೀವು ಶ್ರವಣಬೆಳಗೊಳಕ್ಕೆ ನಡೆದು ಬರುವ ದಿಗಂಬರ ಮುನಿಗಳನ್ನು ಕಂಡಿರುತ್ತೀರಿ, 2018ರ ಮಹಾಮಸ್ತಕಾಭಿಷೇಕಕ್ಕೆ ಅವರು ದೂರ ದೂರದಿಂದ ನಡೆದೇ ಬಂದಿದ್ದರು. ಕೈಯಲ್ಲಿ ನವಿಲುಗರಿಯ ಪಿಂಛಿ, ಒಂದು ಕಮಂಡಲು. ನಮ್ಮಂಥ ಸಂಸಾರಿಗಳಿಗೆ ಅಷ್ಟು ಸಾಧ್ಯವಿಲ್ಲ, ಆದರೆ ನಿಮ್ಮ ಪಟ್ಟಿಯಲ್ಲಿರುವ ಎರಡು ಪವರ್ ಬ್ಯಾಂಕು, ಇಸ್ತ್ರಿ ಮಾಡಿದ ನಾಲ್ಕು ಶರ್ಟು, ಬ್ಲೂಟೂತ್ ಸ್ಪೀಕರ್ ನೋಡಿದಾಗ ಅವರ ನೆನಪಾಯಿತು. ಒಂದು ಪವರ್ ಬ್ಯಾಂಕು ಇಬ್ಬರಿಗೆ ಸಾಕು. ಸ್ಪೀಕರನ್ನು ಮನೆಯಲ್ಲಿಡಿ, ಹಿಂದಿನಿಂದ ಬರುವ ಲಾರಿಯ ಸದ್ದು ಕಿವಿಗೆ ಬೀಳಬೇಕು.

ಇನ್ನು ಛತ್ರಿ. ಶಿವರಾತ್ರಿಯ ಹೊತ್ತಿಗೆ ಮಳೆ ಅಪರೂಪ, ಬೇಲೂರಿನವರೆಗಿನ ಬಿಸಿಲಿಗಷ್ಟೇ ಅದರ ಉಪಯೋಗ, ಘಾಟಿಯ ಗಾಳಿಗೆ ಅದು ಮಗುಚಿಕೊಳ್ಳುತ್ತದೆ. ಅಗಲ ಅಂಚಿನ ಟೋಪಿ ಹಾಕಿ, ಅದರ ಕೆಳಗೆ ಒದ್ದೆ ಪಂಚೆಯನ್ನು ಕುತ್ತಿಗೆ ಮುಚ್ಚುವಂತೆ ಇಳಿಬಿಟ್ಟರೆ ಛತ್ರಿಗಿಂತ ತಂಪು, ಎರಡು ಕೈಯೂ ಬಿಡುವಾಗಿರುತ್ತವೆ. ಆದರೂ ಬೇಕೆನಿಸಿದರೆ ಮಡಚುವ ಸಣ್ಣ ಛತ್ರಿಯನ್ನು ಟೆಂಪೊದಲ್ಲಿ ಹಾಕಿಡಿ.