ಕುಡಿದು ಓಡಿಸಿ ಸಿಕ್ಕಿಬಿದ್ದ ಕಾರು: ಬಿಡಿಸಿಕೊಳ್ಳುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಡ್ರಂಕ್ ಅಂಡ್ ಡ್ರೈವ್’ ಕೇಸಿನಲ್ಲಿ ಠಾಣೆ ಸೇರಿದ ಗಾಡಿಗಳ ಕುರಿತಾದವು. ಬಹುತೇಕ ಎಲ್ಲರೂ ಒಂದೇ ಕಡೆ ಎಡವಿದ್ದಾರೆ. ಗಾಡಿ, ಕೇಸು, ಡಿಎಲ್ ಮೂರನ್ನೂ ಒಂದೇ ಗಂಟು ಮಾಡಿಕೊಂಡು ಕೂತಿದ್ದಾರೆ. ಗಾಡಿ ಹಿಂತಿರುಗುವುದು ಮಾಲೀಕತ್ವದ ದಾಖಲೆಯ ಮೇಲೆ, ಕೇಸು ಮುಗಿಯುವುದು ಮ್ಯಾಜಿಸ್ಟ್ರೇಟರ ಮುಂದೆ, ಡಿಎಲ್ ತೀರ್ಮಾನವಾಗುವುದು ಆರ್‌ಟಿಒ ಕಚೇರಿಯಲ್ಲಿ. ಒಂದು ಮುಗಿಯಿತೆಂದು ಇನ್ನೊಂದು ತಾನಾಗಿ ಮುಗಿಯುವುದಿಲ್ಲ.

ಪ್ರಶ್ನೆ: ಶನಿವಾರ ರಾತ್ರಿ 11.30ಕ್ಕೆ ಆರತಕ್ಷತೆ ಮುಗಿಸಿ ಬರುತ್ತಿದ್ದ ನನ್ನ ತಮ್ಮನನ್ನು ತಡೆದು ಊದಿಸಿದರು. ಮೀಟರಿನಲ್ಲಿ 112 ಬಂತು. ಅವನು ಜಾಮೀನಿನ ಮೇಲೆ ಮನೆಗೆ ಬಂದಿದ್ದಾನೆ, ಕಾರು ಮಾತ್ರ ಠಾಣೆಯ ಮುಂದೆ ನಿಂತಿದೆ. ಆರ್‌ಸಿ ಅವನ ಹೆಸರಿನಲ್ಲೇ ಇದೆ. ಕೋರ್ಟಿನಲ್ಲಿ ದಂಡ ಕಟ್ಟದೆ ಕಾರು ಬಿಡುವುದೇ ಇಲ್ಲ ಎನ್ನುತ್ತಾರೆ. ನಿಜವೇ?
— ಓದುಗರು, ಮೈಸೂರು

ಉತ್ತರ: ಪೂರ್ತಿ ನಿಜವಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರ ಇರಕೂಡದು. ನಿಮ್ಮ ತಮ್ಮನದು ಅದರ ನಾಲ್ಕು ಪಟ್ಟಿಗೆ ಹತ್ತಿರ. ಅಪರಾಧ ದೊಡ್ಡದೇ. ಆದರೆ ಅದಕ್ಕೆ ಈ ಸೆಕ್ಷನ್ ಹೇಳುವ ಶಿಕ್ಷೆ ಸೆರೆಮನೆ ಮತ್ತು ದಂಡ. ಕಾರನ್ನು ಮುಟ್ಟುಗೋಲು ಹಾಕಿಕೊಳ್ಳುವ ಮಾತು ಅದರಲ್ಲಿಲ್ಲ. ಚಾಲಕನನ್ನು ಬಂಧಿಸಿದಾಗ ಗಾಡಿಯನ್ನು ತಾತ್ಕಾಲಿಕವಾಗಿ ಸುರಕ್ಷಿತ ಜಾಗಕ್ಕೆ ಸೇರಿಸಲು ಪೊಲೀಸರಿಗೆ 202ನೇ ಸೆಕ್ಷನ್ ಅಧಿಕಾರ ಕೊಡುತ್ತದೆ. ‘ತಾತ್ಕಾಲಿಕ’ ಎಂಬ ಪದ ಗಮನಿಸಿ. ತೆಲಂಗಾಣ ಹೈಕೋರ್ಟ್ 2021ರಲ್ಲಿ ಇದೇ ವಿಷಯದಲ್ಲಿ ಸ್ಪಷ್ಟ ಸೂಚನೆ ನೀಡಿತು: ಜೊತೆಯಲ್ಲಿ ಕುಡಿಯದ, ಡಿಎಲ್ ಇರುವವರಿದ್ದರೆ ಗಾಡಿ ಅವರಿಗೆ ಕೊಡಬೇಕು, ಇಲ್ಲದಿದ್ದರೆ ಮನೆಯವರನ್ನೋ ಸ್ನೇಹಿತರನ್ನೋ ಕರೆಸಬೇಕು, ಯಾರೂ ಬಾರದಿದ್ದರೆ ಮಾತ್ರ ಠಾಣೆಯಲ್ಲಿ ಇರಿಸಿಕೊಂಡು, ಆಮೇಲೆ ದಾಖಲೆ ನೋಡಿ ಬಿಡಬೇಕು. ಆ ತೀರ್ಪು ಕರ್ನಾಟಕದ ಠಾಣೆಗಳಿಗೆ ನೇರವಾಗಿ ಅನ್ವಯಿಸದಿದ್ದರೂ ವಿನಂತಿಯ ಜೊತೆ ಅದರ ಪ್ರತಿ ಲಗತ್ತಿಸಲು ಅಡ್ಡಿಯಿಲ್ಲ.

ಕೊಂಡೊಯ್ಯಬೇಕಾದದ್ದು: ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಮಾಲೀಕರ ಗುರುತಿನ ಚೀಟಿ, ಪೊಲೀಸರು ಕೊಟ್ಟ ನೋಟಿಸ್, ಊದಿಸಿದಾಗ ಬಂದ ಚೀಟಿ. ಎಲ್ಲದರ ಎರಡೆರಡು ಜೆರಾಕ್ಸ್ ಇರಲಿ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿರುವ ಪ್ರತಿಗಳೂ ಮಾನ್ಯ, ಆದರೆ ಕಡತಕ್ಕೆ ಸೇರಿಸಲು ಕಾಗದ ಕೇಳುತ್ತಾರೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಕಾರು ಓಡಿಸಿಕೊಂಡು ಬರಲು ಡಿಎಲ್ ಇರುವ ಬೇರೊಬ್ಬರು ಜೊತೆಗಿರಲಿ. ‘ಬೆಳಗಾಯಿತಲ್ಲ, ಇಳಿದಿರುತ್ತೆ’ ಎಂದು ನಿಮ್ಮ ತಮ್ಮನೇ ಹೋಗಿ ಸ್ಟೀರಿಂಗ್ ಹಿಡಿಯುವುದು ಬೇಡ. ರಕ್ತದಲ್ಲಿನ ಮದ್ಯಸಾರ ಗಂಟೆಗೆ ಸರಾಸರಿ 15 ಮಿಲಿಗ್ರಾಂನಂತೆ ಮಾತ್ರ ಇಳಿಯುತ್ತದೆ. 112ರಿಂದ 30ಕ್ಕೆ ಬರಲು ಐದೂವರೆ ಗಂಟೆ, ಸೊನ್ನೆಗೆ ಬರಲು ಏಳೂವರೆ ಗಂಟೆ ಬೇಕು. ಅಂದರೆ ಬೆಳಗಿನ ಏಳು ಗಂಟೆ. ನಿಧಾನವಾಗಿ ಇಳಿಯುವ ದೇಹವಾದರೆ ಇನ್ನೂ ತಡ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಈ ಲೆಕ್ಕ ಬದಲಿಸುವುದಿಲ್ಲ. ಹೇಗೂ ಡಿಎಲ್ ಜಪ್ತಿಯಾಗಿದ್ದರೆ ಅವರು ಓಡಿಸುವಂತೆಯೇ ಇಲ್ಲ.

ಠಾಣೆಯಲ್ಲಿ ‘ಕೋರ್ಟಿಗೆ ಹೋಗಿ ಬನ್ನಿ’ ಎಂದರೆ ವಾದಕ್ಕೆ ನಿಲ್ಲಬೇಡಿ. ಕೇಸ್ ನಂಬರ್, ಯಾವ ಕೋರ್ಟ್, ಯಾವ ದಿನ, ಗಾಡಿಯನ್ನು ಯಾವ ಸೆಕ್ಷನ್ ಅಡಿ ಇರಿಸಿಕೊಂಡಿದ್ದಾರೆ ಎಂಬುದನ್ನು ಬರೆದುಕೊಳ್ಳಿ. 207ನೇ ಸೆಕ್ಷನ್ ಎಂದಿದ್ದರೆ ಡಿಎಲ್, ನೋಂದಣಿ ಅಥವಾ ಪರ್ಮಿಟ್ ಇಲ್ಲದ ಕಾರಣಕ್ಕೂ ಹಿಡಿದಿದ್ದಾರೆಂದು ಅರ್ಥ. ಅದಕ್ಕೆ ಸಂಬಂಧಪಟ್ಟ ದಾಖಲೆ ಹಾಜರುಪಡಿಸಿ ಅಧಿಕೃತ ಅಧಿಕಾರಿಯಿಂದಲೇ ಬಿಡುಗಡೆ ಕೇಳಬಹುದು. ಅದಿಲ್ಲದಿದ್ದರೆ, ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ದಿನವೇ ಗಾಡಿ ಬಿಡುಗಡೆಗೂ ಅರ್ಜಿ ಕೊಟ್ಟುಬಿಡಿ.

ದಂಡದ ವಿಷಯ. 185 ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವ ಅಪರಾಧವಲ್ಲ. ರಸ್ತೆಯಲ್ಲಿ ಯಾರಾದರೂ ‘ಇಲ್ಲೇ ಕಟ್ಟಿ ಹೋಗಿ’ ಎಂದರೆ ಅದು ದಂಡವಲ್ಲ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲಕ್ಕೆ 15,000 ರೂಪಾಯಿ, ಎರಡು ವರ್ಷದವರೆಗೆ ಜೈಲು. ತಪ್ಪೊಪ್ಪಿ ದಂಡ ಕಟ್ಟಿದರೆ ಕೇಸು ಅಂದೇ ಮುಗಿಯಬಹುದು, ಗಾಡಿಗೂ ದಾರಿ ಸುಲಭ. ಆದರೆ ಅದು ಶಿಕ್ಷೆಯೆಂದೇ ದಾಖಲಾಗುತ್ತದೆ. ಮುಂದೆ ಸಿಕ್ಕಿದರೆ ‘ಎರಡನೇ ಸಲ’ ಆಗುತ್ತದೆ. ಕಾರು ಬೇಗ ಸಿಗಲಿ ಎಂಬ ಒಂದೇ ಕಾರಣಕ್ಕೆ ತಪ್ಪೊಪ್ಪಿಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಚೀಟಿಯಲ್ಲಿ ದಿನಾಂಕ, ಸಮಯ, ಗಾಡಿ ನಂಬರ್ ಸರಿ ಇವೆಯೇ ನೋಡಿ, ವಕೀಲರ ಜೊತೆ ಮಾತಾಡಿ, ಆಮೇಲೆ ನಿರ್ಧರಿಸಿ.

ಪ್ರಶ್ನೆ: ಕಾರು ನನ್ನ ಹೆಸರಿನಲ್ಲಿದೆ. ಓಡಿಸಿದ್ದು ಗೆಳೆಯ. ಅವನು ಕುಡಿದು ಸಿಕ್ಕಿಬಿದ್ದಾಗ ನಾನು ಊರಿನಲ್ಲೇ ಇರಲಿಲ್ಲ. ಮಾಲೀಕರೇ ಬರಬೇಕು ಎನ್ನುತ್ತಾರೆ, ನನಗೆ ಇನ್ನೂ ಎರಡು ವಾರ ರಜೆ ಇಲ್ಲ.
— ಓದುಗರು, ಹುಬ್ಬಳ್ಳಿ

ಉತ್ತರ: ಅಧಿಕಾರ ಪತ್ರ ಕಳಿಸಿ. ‘ನನ್ನ ಪರವಾಗಿ ಕಾರು ತರಲು ಇವರನ್ನು ಕಳಿಸಿದ್ದೇನೆ’ ಎಂಬ ಒಂದು ಸಾಲು ಸಾಲದು. ಕಾರಿನ ನಂಬರ್, ಮಾಡೆಲ್, ಎಂಜಿನ್ ಮತ್ತು ಚಾಸಿಸ್ ಸಂಖ್ಯೆ, ಹಿಡಿದ ದಿನಾಂಕ, ಠಾಣೆ, ಕೇಸ್ ನಂಬರ್, ಕಳಿಸುತ್ತಿರುವವರ ಹೆಸರು ಮತ್ತು ಡಿಎಲ್ ಸಂಖ್ಯೆ, ‘ಗಾಡಿ ಪಡೆದು ಸಹಿ ಹಾಕಲು ಇವರಿಗೆ ಅಧಿಕಾರವಿದೆ’ ಎಂಬ ಮಾತು, ಕೊನೆಗೆ ಆರ್‌ಸಿಯಲ್ಲಿರುವಂತೆಯೇ ನಿಮ್ಮ ಸಹಿ. ನೋಟರಿ ಮಾಡಿಸಿ ಮೂಲ ಪ್ರತಿಯನ್ನೇ ಕಳಿಸಿ. ವಾಟ್ಸಾಪಿನಲ್ಲಿ ಬಂದ ಫೋಟೊ ನೋಡಿ ವಾಪಸ್ ಕಳಿಸಿಬಿಡುತ್ತಾರೆ. ಕೋರ್ಟಿನ ಮೂಲಕ ಬಿಡಿಸಬೇಕಾದರೆ ಅರ್ಜಿ ನಿಮ್ಮ ಹೆಸರಿನಲ್ಲೇ ಇರಬೇಕು, ವಕಾಲತ್ತಿಗೆ ನಿಮ್ಮ ಸಹಿ ಬೇಕು. ಗೆಳೆಯನ ಹೆಸರಿನಲ್ಲಿ ಅರ್ಜಿ ಹಾಕಿ ವಾರಗಟ್ಟಲೆ ಕಳೆದುಕೊಳ್ಳುವವರು ಬಹಳ.

ಕಾರು ಕೊಟ್ಟ ಮಾತ್ರಕ್ಕೆ ನೀವು ಆರೋಪಿಯಲ್ಲ. ಆದರೆ ಕುಡಿದಿದ್ದಾನೆಂದು ಗೊತ್ತಿದ್ದೂ ಕೀ ಕೊಟ್ಟು ಪ್ರೇರೇಪಿಸಿದವರಿಗೆ 188ನೇ ಸೆಕ್ಷನ್ ಅದೇ ಶಿಕ್ಷೆ ಹೇಳುತ್ತದೆ. ಗೆಳೆಯನಿಗೆ ಡಿಎಲ್ ಇಲ್ಲದೆ ಹೋಗಿದ್ದರೆ, ಓಡಿಸಲು ಬಿಟ್ಟದ್ದಕ್ಕೆ ನಿಮ್ಮ ಮೇಲೇ ಬೇರೆ ಕೇಸು ಬರುತ್ತದೆ. ಹೇಳಿಕೆ ಕೊಡುವಾಗ ಇದು ನೆನಪಿರಲಿ, ಇದ್ದದ್ದನ್ನೇ ಹೇಳಿ.

ಪ್ರಶ್ನೆ: ಡಿಎಲ್ ಕಿತ್ತುಕೊಂಡು ಒಂದು ರಸೀದಿ ಕೊಟ್ಟಿದ್ದಾರೆ. ಅದನ್ನು ಇಟ್ಟುಕೊಂಡು ಓಡಿಸಬಹುದಲ್ಲ?
— ಓದುಗರು, ತುಮಕೂರು

ಉತ್ತರ: ಇಲ್ಲ. ಬೇರೆ ಕಾರಣಕ್ಕೆ ಡಿಎಲ್ ತೆಗೆದುಕೊಂಡಾಗ ಕೊಡುವ ರಸೀದಿ ಓಡಿಸಲು ನಡೆಯುತ್ತದೆ, ಅದಕ್ಕೇ ಈ ಗೊಂದಲ. 2019ರ ತಿದ್ದುಪಡಿಯಲ್ಲಿ ಸೇರಿದ 206(4)ರ ಅಡಿ, ಅಂದರೆ ಕುಡಿದು ಓಡಿಸಿದ್ದಂಥ ಅಪರಾಧಕ್ಕೆ ಜಪ್ತಿ ಮಾಡಿದಾಗ ಕೊಡುವ ರಸೀದಿಗೆ ಆ ಬಲವಿಲ್ಲ. ಡಿಎಲ್ ಆರ್‌ಟಿಒಗೆ ಹೋಗುತ್ತದೆ. ಅಲ್ಲಿಂದ ನೋಟಿಸ್ ಬಂದಾಗ ಹಾಜರಾಗಿ ನಿಮ್ಮ ಮಾತು ಹೇಳಲೇಬೇಕು, ಇಲ್ಲದಿದ್ದರೆ ಏಕಪಕ್ಷೀಯವಾಗಿ ಆದೇಶವಾಗುತ್ತದೆ. ಮೊದಲ ಸಲ ಮೂರು ತಿಂಗಳ ಅನರ್ಹತೆ, ಮತ್ತೆ ಸಿಕ್ಕಿದರೆ ಡಿಎಲ್ಲೇ ರದ್ದು. ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ.

ಪ್ರಶ್ನೆ: ಕಾರು ತೀರಿಹೋದ ನಮ್ಮ ತಂದೆಯ ಹೆಸರಿನಲ್ಲೇ ಇದೆ. ಅಣ್ಣ ಓಡಿಸುವಾಗ ಹಿಡಿದರು. ಈಗ ಯಾರಿಗೂ ಕೊಡುತ್ತಿಲ್ಲ.
— ಓದುಗರು, ಹಾಸನ

ಉತ್ತರ: ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ನಿಮ್ಮ ತಾಯಿ ಮತ್ತು ಉಳಿದ ಮಕ್ಕಳ ಒಪ್ಪಿಗೆಯ ಅಫಿಡವಿಟ್ ಇಟ್ಟು ಕೋರ್ಟಿನಲ್ಲೇ ಅರ್ಜಿ ಹಾಕಿ, ಠಾಣೆಯ ಮಟ್ಟದಲ್ಲಿ ಇದು ಬಗೆಹರಿಯುವುದು ಕಷ್ಟ. ಅರ್ಜಿ ತಾಯಿಯ ಹೆಸರಿನಲ್ಲಿದ್ದರೆ ಒಳ್ಳೆಯದು, ಆರೋಪಿಯಾದ ಅಣ್ಣನ ಹೆಸರಿನಲ್ಲಿ ಬೇಡ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಕೊಡಬೇಕಿತ್ತು. ಈಗಲಾದರೂ ಅದನ್ನು ಶುರು ಮಾಡಿ, ಸ್ವೀಕೃತಿಯನ್ನು ಅರ್ಜಿಗೆ ಲಗತ್ತಿಸಿ. ಇನ್ಶೂರೆನ್ಸ್ ಕಂಪನಿಗೂ ತಿಳಿಸಿ.

ಪ್ರಶ್ನೆ: ನಮ್ಮವರು ಕುಡಿದು ಓಡಿಸಿ ಸ್ಕೂಟರಿಗೆ ಗುದ್ದಿ, ಸವಾರರ ಕಾಲು ಮುರಿದಿದೆ. ಎಫ್‌ಐಆರ್ ಆಗಿದೆ. ಕಾರು ನನ್ನ ಹೆಸರಿನದು. ಕೇಸು ಮುಗಿಯುವವರೆಗೆ ಕಾರು ಅಲ್ಲೇ ಕೊಳೆಯಬೇಕೇ?
— ಓದುಗರು, ಶಿವಮೊಗ್ಗ

ಉತ್ತರ: ಬೇಕಿಲ್ಲ. ಠಾಣೆಯ ಅಂಗಳದಲ್ಲಿ ವಾಹನಗಳನ್ನು ವರ್ಷಗಟ್ಟಲೆ ನಿಲ್ಲಿಸಿ ಹಾಳುಮಾಡಬಾರದು. ಫೋಟೊ, ಪಂಚನಾಮೆ ಮಾಡಿ, ಮುಚ್ಚಳಿಕೆ ಮತ್ತು ಭದ್ರತೆ ಪಡೆದು ಬಿಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಅರ್ಜಿಯಲ್ಲಿ ಈ ತೀರ್ಪಿನ ಉಲ್ಲೇಖ ಇರಲೇಬೇಕು. ಹಿಂದೆ ಇಂಥ ಅರ್ಜಿಯನ್ನು ಸಿಆರ್‌ಪಿಸಿ (ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆ) 451 ಅಥವಾ 457ರ ಅಡಿ ಹಾಕುತ್ತಿದ್ದರು. 2024ರ ಜುಲೈ 1ರಿಂದ ಅದರ ಬದಲು ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 497 ಮತ್ತು 503. ಹಳೆಯ ಟೈಪಿಂಗ್ ನಮೂನೆಯನ್ನೇ ತುಂಬಿಸಿ ಕೊಟ್ಟರೆ ಆಕ್ಷೇಪಣೆ ಬಂದು ಒಂದು ದಿನಾಂಕ ವ್ಯರ್ಥವಾಗುತ್ತದೆ.

ಅಪಘಾತದ ಕೇಸಿನಲ್ಲಿ ಗಾಡಿ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಮೋಟಾರು ವಾಹನ ನಿರೀಕ್ಷಕರ ತಪಾಸಣೆಯಲ್ಲಿ. ಬ್ರೇಕ್, ಸ್ಟೀರಿಂಗ್, ಟೈರು, ಡಿಕ್ಕಿಯ ಗುರುತು ನೋಡಿ ಅವರು ವರದಿ ಕೊಡುವ ಮುನ್ನ ತನಿಖಾಧಿಕಾರಿ ‘ಬಿಡಬಹುದು’ ಎಂದು ಬರೆಯುವುದಿಲ್ಲ. ತಪಾಸಣೆಗೆ ಪತ್ರ ಹೋಗಿದೆಯೇ, ಯಾವ ದಿನ ಬರುತ್ತಾರೆ ಎಂದು ಎರಡನೇ ದಿನದಿಂದಲೇ ಕೇಳುತ್ತಿರಿ. ವಿಧಿವಿಧಾನ ಮುಗಿದ 24 ಗಂಟೆಯೊಳಗೆ ಗಾಡಿ ಹಿಂತಿರುಗಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 136ನೇ ಸೆಕ್ಷನ್ನಿನಲ್ಲೇ ಇದೆ. ವರದಿ ಬರುವ ಮೊದಲು ಬಂಪರ್ ನೇರ ಮಾಡಿಸುವುದು, ಗಾಜು ಬದಲಿಸುವುದು ಸಾಕ್ಷ್ಯ ಅಳಿಸಿದಂತೆ. ಕೈ ಹಚ್ಚಬೇಡಿ.

ಅರ್ಜಿ ಹಾಕಿದ ಮೇಲೆ ಸಹಾಯಕ ಸರ್ಕಾರಿ ಅಭಿಯೋಜಕರು ತಕರಾರು ಸಲ್ಲಿಸುತ್ತಾರೆ, ನಂತರ ಆದೇಶ. ಸಾಮಾನ್ಯವಾಗಿ ಗಾಡಿಯ ಬೆಲೆಯಷ್ಟು ಮೊತ್ತದ ಮುಚ್ಚಳಿಕೆ, ಒಬ್ಬ ಜಾಮೀನುದಾರ, ‘ಮಾರುವುದಿಲ್ಲ, ಬಣ್ಣ ಬದಲಿಸುವುದಿಲ್ಲ, ಕರೆದಾಗ ಹಾಜರುಪಡಿಸುತ್ತೇನೆ’ ಎಂಬ ಷರತ್ತುಗಳಿರುತ್ತವೆ. ಬೆಲೆಗೆ ಆಧಾರವಾಗಿ ಪಾಲಿಸಿಯಲ್ಲಿರುವ ಐಡಿವಿ (ಗಾಡಿಗೆ ಇನ್ಶೂರೆನ್ಸ್ ಕಂಪನಿ ನಮೂದಿಸಿದ ಬೆಲೆ) ಮೊತ್ತ ತೋರಿಸಿ. ಹಳೆಯ ಕಾರಿಗೆ ಹೊಸ ಕಾರಿನ ಬೆಲೆಯ ಮುಚ್ಚಳಿಕೆ ಬರೆದುಕೊಡುವುದು ತಪ್ಪುತ್ತದೆ. ಜಾಮೀನುದಾರರು ಪಹಣಿ ಅಥವಾ ಸಂಬಳ ಚೀಟಿ, ಆಧಾರ್, ಫೋಟೊ ತರಬೇಕು. ಆದೇಶ ಬೆಳಿಗ್ಗೆ ಆಗಿ, ಜಾಮೀನುದಾರರ ಪಹಣಿಯಲ್ಲಿ ಹೆಸರು ಬೇರೆ, ಆಧಾರಿನಲ್ಲಿ ಬೇರೆ ಇದ್ದು ಸಂಜೆಗೆ ಬರಿಗೈಯಲ್ಲಿ ಮರಳುವುದು ನಮ್ಮ ಕೋರ್ಟುಗಳಲ್ಲಿ ಅಪರೂಪವಲ್ಲ. ಹಿಂದಿನ ದಿನವೇ ತಾಳೆ ನೋಡಿ.

ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದಿದ್ದರೆ, ಗಾಯಾಳುವಿನ ಪರಿಹಾರಕ್ಕೆ ಭದ್ರತೆ ಕೊಡದೆ ಗಾಡಿ ಸಿಗುವುದಿಲ್ಲ. ಇದ್ದರೂ ನಿರಾಳರಾಗಬೇಡಿ: ಕುಡಿದು ಓಡಿಸಿದ್ದರಿಂದ ನಿಮ್ಮ ಕಾರಿನ ರಿಪೇರಿಗೆ ಕಂಪನಿ ಹಣ ಕೊಡುವುದಿಲ್ಲ. ಸವಾರರಿಗೆ ಕಂಪನಿ ಕೊಟ್ಟ ಪರಿಹಾರವನ್ನೂ ನಿಮ್ಮಿಂದ ವಸೂಲು ಮಾಡಲು ನ್ಯಾಯಮಂಡಳಿ ಅನುಮತಿಸಬಹುದು.

ಪ್ರಶ್ನೆ: 24 ದಿನದ ನಂತರ ಕಾರು ಕೊಡುತ್ತೇವೆ ಎಂದಿದ್ದಾರೆ. ಮಳೆಯಲ್ಲೇ ನಿಂತಿತ್ತು. ತರುವಾಗ ಏನು ನೋಡಬೇಕು?
— ಓದುಗರು, ಮಂಗಳೂರು

ಉತ್ತರ: ಮೊದಲು ಪೆನ್ನು ಕೆಳಗಿಡಿ. ‘ಸುಸ್ಥಿತಿಯಲ್ಲಿ ಪಡೆದಿದ್ದೇನೆ’ ಎಂಬ ಸಾಲಿಗೆ ಸಹಿ ಹಾಕುವ ಮುನ್ನ ಜಪ್ತಿ ಮಹಜರಿನ ಪ್ರತಿ ಕೈಯಲ್ಲಿ ಹಿಡಿದು ಕಾರನ್ನು ಒಂದು ಸುತ್ತು ಬನ್ನಿ. ಕಿಲೋಮೀಟರ್ ರೀಡಿಂಗ್, ಸ್ಟೆಪ್ನಿ, ಜಾಕ್, ಮ್ಯೂಸಿಕ್ ಸಿಸ್ಟಮ್, ಫಾಸ್ಟ್ಯಾಗ್, ಡ್ಯಾಶ್‌ಬೋರ್ಡ್ ಪೆಟ್ಟಿಗೆಯ ಕಾಗದಗಳು ಎಲ್ಲವೂ ಬರೆದಂತೆ ಇವೆಯೇ? ನಾಲ್ಕೂ ಕಡೆಯ ವಿಡಿಯೊ ಮಾಡಿ. ಕಡಿಮೆ ಕಂಡದ್ದನ್ನು ಸಹಿಯ ಮೇಲೆಯೇ ಬರೆಯಿರಿ: ‘ಸ್ಟೆಪ್ನಿ ಇಲ್ಲ, ಎಡ ಹಿಂಬಾಗಿಲಲ್ಲಿ ಹೊಸ ಗೀರು’. ಹೊರಗೆ ಬಂದ ಮೇಲೆ ಹೇಳಿದರೆ ಕೇಳುವವರಿರುವುದಿಲ್ಲ.

ಕೀ ತಿರುಗಿಸುವ ಮೊದಲು ಬಾನೆಟ್ ಎತ್ತಿ. ನಿಂತ ಕಾರಿನಲ್ಲಿ ಇಲಿ ವೈರು ಕಡಿದಿರುತ್ತದೆ. ಏರ್ ಫಿಲ್ಟರ್ ಡಬ್ಬಿಯೊಳಗೂ ನೋಡಿ, ಗೂಡು ಅಲ್ಲೇ ಇರುತ್ತದೆ. ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಮಟ್ಟ ನೋಡಿ. ಬ್ಯಾಟರಿ ಇಳಿದಿದ್ದರೆ ಜಂಪ್ ಸ್ಟಾರ್ಟ್ ಮಾಡಿ: ಕೆಂಪು ಕೇಬಲ್ ಇಳಿದ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಅದರ ಕೊನೆ ತುದಿ ನಿಮ್ಮ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಬ್ಯಾಟರಿ ಹತ್ತಿರ ಕಿಡಿ ಹಾರಿದರೆ ಅಲ್ಲಿರುವ ಅನಿಲಕ್ಕೆ ಹೊತ್ತಿಕೊಳ್ಳುವ ಅಪಾಯವಿದೆ, ಅದಕ್ಕೇ ಈ ಕ್ರಮ.

ಹ್ಯಾಂಡ್‌ಬ್ರೇಕ್ ಎಳೆದೇ ನಿಲ್ಲಿಸಿದ್ದರೆ ಮಳೆಗೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡಿರುತ್ತದೆ. ಮೊದಲ ಗೇರು, ರಿವರ್ಸ್ ಹಾಕಿ ಮೆಲ್ಲಗೆ ಹಿಂದೆ ಮುಂದೆ ಮಾಡಿದರೆ ‘ಟಕ್’ ಎಂದು ಬಿಡುತ್ತದೆ. ಬಿಡದಿದ್ದರೆ ಆಕ್ಸಿಲರೇಟರ್ ಒತ್ತಿ ಎಳೆಯಬೇಡಿ, ಲೈನಿಂಗ್ ಕಿತ್ತು ಬರುತ್ತದೆ, ಮೆಕ್ಯಾನಿಕ್ ಕರೆಸಿ. ಡಿಸ್ಕಿನ ಮೇಲಿನ ತೆಳು ತುಕ್ಕು ನಿಧಾನವಾಗಿ ಓಡಿಸುತ್ತ ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ನಿಂತಿದ್ದಾಗ ಇನ್ಶೂರೆನ್ಸ್ ಅವಧಿ ಮುಗಿದಿದ್ದರೆ, ಠಾಣೆಯ ಗೇಟು ದಾಟುವ ಮೊದಲೇ ನವೀಕರಿಸಿ. ಅಲ್ಲಿಯವರೆಗೆ ಟೋಯಿಂಗ್ ಗಾಡಿಯ ಮೇಲೇರಿಸಿಯೇ ಸಾಗಿಸಿ.