ಎಲ್ಲವನ್ನೂ ತಾವೇ ಹೊತ್ತುಕೊಂಡ ಎಚ್‌ಒಡಿ

(ಗುರುತು ಸಿಗದ ಹಾಗೆ ವಿವರ ಬದಲಿಸಿದೆ.)

ಸಲಹೆ ಕೇಳಿ ನನ್ನ ಬಳಿ ಬಂದವರು ಕಾಲೇಜೊಂದರ ವಿಭಾಗ ಮುಖ್ಯಸ್ಥೆ (ಎಚ್‌ಒಡಿ). ನಿವೃತ್ತಿ ಹತ್ತಿರವಿದೆ, ರಾತ್ರಿ ನಿದ್ದೆ ಇಲ್ಲ. "ನನ್ನ ನಂತರ ವಿಭಾಗ ನೋಡ್ಕೊಳ್ಳೋರು ಯಾರೂ ಇಲ್ಲ ಮೇಡಂ. ಜವಾಬ್ದಾರಿ ಅಂದ್ರೆ ಎಲ್ಲರೂ ಹಿಂದೆ ಸರೀತಾರೆ" ಅಂದರು.

ವಾರದ ಕೆಲಸವನ್ನೆಲ್ಲ ಬರೆದು ತರಲು ಹೇಳಿದೆ. ಟೈಮ್‌ಟೇಬಲ್, ಪರೀಕ್ಷಾ ಡ್ಯೂಟಿ, ಬಿಲ್ಲುಗಳು, ಪಠ್ಯಕ್ರಮ ಸಮಿತಿಯ ಟಿಪ್ಪಣಿ, ಎಲ್ಲವೂ ಇವರದೇ. ಟೈಮ್‌ಟೇಬಲ್ ಫೈಲಿನ ಪಾಸ್‌ವರ್ಡ್ ಕೂಡ ಬೇರೆ ಯಾರಿಗೂ ಗೊತ್ತಿಲ್ಲ. ಕಿರಿಯರಿಗೆ ಯಾಕೆ ಕೊಟ್ಟಿಲ್ಲ? "ತಪ್ಪು ಮಾಡ್ತಾರೆ." ಸ್ವಲ್ಪ ಹೊತ್ತು ಬಿಟ್ಟು ಅವರೇ ಸೇರಿಸಿದರು: "ಎಲ್ಲಾ ಅವರಿಗೇ ಗೊತ್ತಾದ್ರೆ ನನ್ನನ್ನ ಯಾರು ಕೇಳ್ತಾರೆ?" ಅಸಲು ವಿಷಯ ಇದೇ ಅಲ್ವಾ.

ಯಾರನ್ನೂ ತರಬೇತಿಗೆ ಕಳಿಸಿ ಅಂತ ನಾನು ಹೇಳಲಿಲ್ಲ. ಒಂದೇ ಲ್ಯಾಬ್ ಅವಧಿಗೆ ಇಬ್ಬರು ಮೇಷ್ಟ್ರು ಹಟ ಹಿಡಿದಾಗ ಏನು ಮಾಡಬೇಕು ಅನ್ನೋದು ಪಕ್ಕದಲ್ಲಿ ಕೂತು ನೋಡಿದರೇ ತಿಳಿಯೋದು. ಹಾಗಾಗಿ ಒಬ್ಬ ಕಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಯಾಕೆ ಹೀಗೆ ನಿರ್ಧರಿಸಿದೆ ಅಂತ ಬಾಯಿಬಿಟ್ಟು ಹೇಳಿ ಅಂದೆ. ಮುಂದಿನ ಸೆಮಿಸ್ಟರ್‌ನಲ್ಲಿ ನಿರ್ಧಾರ ಅವರದು, ಅವರು ಕೇಳಿದಾಗ ಮಾತ್ರ ನೀವು ಮಾತಾಡಿ. ಕೆಲಸ ಮಾತ್ರ ಕೊಟ್ಟು ಅಧಿಕಾರ ಇಟ್ಟುಕೊಂಡರೆ ಅದು ಬಿಟ್ಟಿ ಚಾಕರಿ. ಅದಕ್ಕೇ ಜನ ಹಿಂದೆ ಸರಿಯೋದು.

ಇನ್ನೊಂದು ಸಲಹೆ ಅವರಿಗಾಗಿಯೇ. ಬೇರೆ ವಿಭಾಗಗಳ ನಾಲ್ಕೈದು ಮುಖ್ಯಸ್ಥರು ತಿಂಗಳಿಗೊಮ್ಮೆ ಸೇರಲಿ. ಒಬ್ಬೊಬ್ಬರೂ ಸದ್ಯ ತಲೆ ಕೆಡಿಸಿರುವ ಒಂದು ಸಮಸ್ಯೆ ತರಲಿ. ಉಳಿದವರು ಉಪದೇಶ ಕೊಡಬಾರದು, ಪ್ರಶ್ನೆ ಕೇಳಬೇಕು ಅಷ್ಟೇ. ಬ್ರಿಟನ್ನಿನ ಮ್ಯಾನೇಜ್‌ಮೆಂಟ್ ತಜ್ಞ ರೆಗ್ ರೆವನ್ಸ್ 1940ರ ದಶಕದಲ್ಲಿ ಕಲ್ಲಿದ್ದಲು ಗಣಿಗಳ ಮ್ಯಾನೇಜರುಗಳನ್ನು ಹೀಗೇ ಒಬ್ಬರಿಂದೊಬ್ಬರು ಕಲಿಯಲು ಕೂರಿಸಿದ್ದರು. ಅದೇ ಮುಂದೆ 'ಆಕ್ಷನ್ ಲರ್ನಿಂಗ್' ಅನ್ನೋ ಕಲಿಕೆಯ ವಿಧಾನ ಆಯಿತು, ವಿಶ್ವವಿದ್ಯಾಲಯಗಳಿಗೂ ಬಂತು. ಒಂದು ಎಚ್ಚರಿಕೆ: ಡೀನ್ ಅಲ್ಲಿರಬಾರದು, ಮಿನಿಟ್ಸ್ ಬರೆಯಬಾರದು. ಮೇಲಿನವರು ಕೂತಿದ್ದರೆ ಯಾರೂ ನಿಜವಾದ ತೊಂದರೆ ಬಿಚ್ಚಿಡುವುದಿಲ್ಲ.

ನಿದ್ದೆಯ ವಿಷಯಕ್ಕೆ ವೈದ್ಯರನ್ನೂ ಕಾಣಲು ಹೇಳಿದೆ.

ಮೊನ್ನೆ ಬಂದಿದ್ದರು. ಟೈಮ್‌ಟೇಬಲ್ ಕಿರಿಯರ ಕೈಗೆ ಹೋಗಿದೆ. ಎರಡು ಕ್ಲಾಸು ಒಂದೇ ಕೊಠಡಿಗೆ ಬಿದ್ದಿದ್ದವಂತೆ, ಆ ಕಿರಿಯರೇ ಸರಿಮಾಡಿಕೊಂಡರಂತೆ. ಬಿಲ್ಲುಗಳನ್ನು ಮಾತ್ರ ಇವರು ಇನ್ನೂ ಬಿಟ್ಟಿಲ್ಲ. ಮುಂದಿನ ಭೇಟಿಯಲ್ಲಿ ಅದರ ಬಗ್ಗೆ ಮಾತಾಡಬೇಕು.